ಗಾಡಿ ಕೊಟ್ಟಾಯಿತು, ಹೆಸರು ಹೋಯಿತೇ?

ಆಟಿ ತಿಂಗಳಲ್ಲಿ ಗಾಡಿ ಮಾರಲು ಹೊರಡಬೇಡಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ವಸ್ತು ಮನೆಗೆ ತರುವ ಉಮೇದೂ ಇಲ್ಲ. ಅದಕ್ಕೂ ಮೊದಲು ಬರುವ ಪತ್ತನಾಜೆಗೇ ಕೋಲ, ನೇಮ, ಮೇಳದ ತಿರುಗಾಟ ಎಲ್ಲ ನಿಂತು, ಶಾಮಿಯಾನದವರ ಮತ್ತು ಅಡುಗೆಯವರ ಗಾಡಿಗಳು ಶೆಡ್ಡು ಸೇರಿರುತ್ತವೆ. ಆಗ ಗಾಡಿ ಕೇಳಿಕೊಂಡು ಬರುವವರು ಒಂದೋ ಬ್ರೋಕರ್, ಇಲ್ಲವೇ ನಿಮಗೆ ದುಡ್ಡಿನ ಅವಸರ ಉಂಟೆಂದು ಎಲ್ಲಿಂದಲೋ ಕೇಳಿ ತಿಳಿದವರು. ಚೌತಿ ಕಳೆಯಲಿ. ನವರಾತ್ರಿ ಹತ್ತಿರ ಬರುವಾಗ ಅದೇ ಗಾಡಿಯನ್ನು ಕೇಳುವ ಸ್ವರವೇ ಬೇರೆ ಇರುತ್ತದೆ. ಆಯುಧಪೂಜೆಯ ಮೊದಲು ಗಾಡಿ ಕೈಗೆ ಬರಬೇಕು, ಕಟೀಲಿಗೋ ಪೊಳಲಿಗೋ ಕೊಂಡುಹೋಗಿ ಪೂಜೆ ಮಾಡಿಸಬೇಕು, ದೀಪಾವಳಿಯ ಮೇಲೆ ಶುರುವಾಗುವ ಸೀಸನ್‌ಗೆ ಓಡಿಸಬೇಕು ಎಂಬ ಲೆಕ್ಕ ಇಟ್ಟುಕೊಂಡವರು ಆಗ ಬರುತ್ತಾರೆ. ಸೆಕೆಂಡ್ ಹ್ಯಾಂಡ್ ಎಂದು ದೇವರ ಮುಂದೆ ಯಾರೂ ಮಾಲೆ ಕಡಿಮೆ ಹಾಕುವುದಿಲ್ಲ.

ಕೊಳ್ಳುವವರಿಗೆ ನಾನು ಹೇಳುವುದು ಉಲ್ಟಾ. ಆಟಿಯಲ್ಲೇ ಹೋಗಿ ನೋಡಿ, ಅದರ ಮುಂದಿನ ಸೋಣ ತಿಂಗಳಲ್ಲಿ ದುಡ್ಡು ಕೊಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಸುರಿಯುವ ಮಳೆಗಿಂತ ಕಟ್ಟುನಿಟ್ಟಿನ ಪರೀಕ್ಷಕ ಬೇರೆ ಇಲ್ಲ. ಮುಂದಿನ ಗಾಜಿನ ರಬ್ಬರ್ ಬೀಡಿಂಗಿನಿಂದ ನೀರು ಇಳಿಯುತ್ತದೋ, ಹಿಂದಿನ ಬಾಗಿಲಿನ ಅಂಚಿನಲ್ಲಿ ಒಸರುತ್ತದೋ, ಬೆಳಗ್ಗೆ ಥಂಡಿಗೆ ಒಂದೇ ಸೆಲ್ಫ್‌ಗೆ ಇಂಜಿನ್ ಏಳುತ್ತದೋ ಎಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಜನವರಿಯ ಬಿಸಿಲಿನಲ್ಲಿ ತೊಳೆದು ಪಾಲಿಶ್ ಹಾಕಿ ನಿಲ್ಲಿಸಿದ ಗಾಡಿ ಈ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಈ ಮೂರು ತಾಲೂಕುಗಳಲ್ಲಿ ಸಣ್ಣ ಗೂಡ್ಸ್ ಗಾಡಿಗೆ ಇಷ್ಟೊಂದು ಬೇಡಿಕೆ ಬರಲು ಕಾರಣ ಇಲ್ಲಿನ ನೆಲ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒಂದೇ ಕಡೆ ಒತ್ತೊತ್ತಾಗಿ ಕೂತಿಲ್ಲ. ಒಂದು ಮನೆ ಗುಡ್ಡದ ಬುಡದಲ್ಲಾದರೆ ಇನ್ನೊಂದು ತೋಟದ ಆಚೆ, ಮತ್ತೊಂದು ತೋಡು ದಾಟಿ ಮೇಲೆ. ಮುಖ್ಯರಸ್ತೆಯಿಂದ ಇಳಿಯುವ ದಾರಿ ಅರ್ಧ ಕಾಂಕ್ರೀಟು, ಅರ್ಧ ಕೆಂಪು ಮಣ್ಣು. ತಿರುವಿನಲ್ಲಿ ಲಾರಿ ತಿರುಗುವುದಿಲ್ಲ. ಅಡಿಕೆ ಮನೆಯಂಗಳದಿಂದ ಮಂಡಿಗೆ ಹೋಗಬೇಕು, ಗೊಬ್ಬರ ಸೊಸೈಟಿಯಿಂದ ತೋಟಕ್ಕೆ ಬರಬೇಕು, ಬೀಡಿ ಬ್ರಾಂಚಿಗೆ ಎಲೆ ಮತ್ತು ತಂಬಾಕು ಇಳಿದು ಕಟ್ಟಿದ ಬೀಡಿ ಹಿಂದಕ್ಕೆ ಹೋಗಬೇಕು. ಬೇಕರಿಯವರ ಲೈನ್ ಸೇಲ್, ಹಾಲಿನ ರೂಟು, ಬೆಳಗ್ಗೆ ಹಾರ್ನ್ ಹಾಕಿಕೊಂಡು ಬರುವ ಮೀನು, ಉಜಿರೆ-ಧರ್ಮಸ್ಥಳದ ಕಡೆಯ ರಬ್ಬರ್ ಶೀಟು, ಮೂಡುಬಿದಿರೆ ಕಂಬಳಕ್ಕೆ ಹೊರಟ ಕೋಣಗಳು. ಇಷ್ಟನ್ನೂ ಹೊರುವುದು ಒಂದು ಟನ್ನಿನ ಆಚೀಚೆ ತಾಳುವ ಗಾಡಿಗಳೇ.

ಇದರ ಚರಿತ್ರೆ ದೊಡ್ಡದೇನಲ್ಲ. 1984ರಲ್ಲಿ ಮಾರುತಿ ವ್ಯಾನ್ ಬಂತು, ಮುಂದೆ ಅದೇ ಓಮ್ನಿ ಎನಿಸಿತು. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಪುಟ್ಟ ಇಂಜಿನ್ ಡ್ರೈವರ್ ಸೀಟಿನ ಅಡಿಯಲ್ಲೇ ಕೂತು ಬೆನ್ನು ಬಿಸಿ ಮಾಡುತ್ತಿತ್ತು. ಸಿನಿಮಾದವರು ಓಮ್ನಿಯನ್ನು ಅಪಹರಣದ ಗಾಡಿ ಮಾಡಿದರು. ನಮ್ಮ ಊರಲ್ಲಿ ಅದು ಹೊತ್ತದ್ದು ಮದುವೆಯ ಪಾಯಸದ ಕಡಾಯಿಯನ್ನು, ರಾತ್ರಿ ಹೊತ್ತಿಗೆ ಆಸ್ಪತ್ರೆಗೆ ಹೋಗುವ ರೋಗಿಯನ್ನು, ಶಾಲೆಯ ಮಕ್ಕಳನ್ನು. 2005ರಲ್ಲಿ ಟಾಟಾ ಏಸ್ ಬಂದು ಮೂರು ಚಕ್ರದ ಟೆಂಪೋ ಓಡಿಸುತ್ತಿದ್ದವರನ್ನು ನಾಲ್ಕು ಚಕ್ರಕ್ಕೆ ಹತ್ತಿಸಿತು. 2010ರಲ್ಲಿ ಈಕೋ, ಮರುವರ್ಷ ಅಶೋಕ್ ಲೇಲ್ಯಾಂಡ್ ದೋಸ್ತ್, 2016ರಲ್ಲಿ ಸೂಪರ್ ಕ್ಯಾರಿ. ಬೊಲೆರೊ ಪಿಕಪ್ಪಂತೂ ಘಟ್ಟದ ದಾರಿಯವರಿಗೆ ಮೀಸಲು ಎಂಬ ಹಾಗೆ ನಿಂತುಬಿಟ್ಟಿತು. 2019ರಲ್ಲಿ ಹೊಸ ಸುರಕ್ಷತಾ ನಿಯಮಗಳ ಮುಂದೆ ಓಮ್ನಿಯ ತಯಾರಿಕೆ ನಿಂತಿತು. ನಿಂತ ಮೇಲೆ ಚೆನ್ನಾಗಿಟ್ಟ ಓಮ್ನಿಗೆ ಬೆಲೆ ಬಂದದ್ದು ಬಿ.ಸಿ.ರೋಡಿನ ಯಾವ ಗ್ಯಾರೇಜಿನವರಿಗೂ ಆಶ್ಚರ್ಯದ ಸಂಗತಿ ಆಗಿರಲಿಲ್ಲ.

ಈಗ ಮಾರಾಟದ ಮಾತು. ಖಾಸಗಿಯಾಗಿ, ಅಂದರೆ ನಡುವೆ ಬ್ರೋಕರ್ ಇಲ್ಲದೆ ಮಾರಿದರೆ ಹೆಚ್ಚು ದುಡ್ಡು ಸಿಗುತ್ತದೆ ಎಂಬುದು ನಿಜ. ಆದರೆ ಏಕೆ ಸಿಗುತ್ತದೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಬ್ರೋಕರ್ ಎರಡು ಕೆಲಸಕ್ಕೆ ಕಮಿಷನ್ ತೆಗೆದುಕೊಳ್ಳುತ್ತಾರೆ: ಗುರುತಿಲ್ಲದ ಇಬ್ಬರ ನಡುವೆ ನಂಬಿಕೆ ಹುಟ್ಟಿಸುವುದು ಮತ್ತು ಕಾಗದಪತ್ರ ಓಡಾಡಿಸುವುದು. ಆ ಎರಡನ್ನೂ ನೀವೇ ಮಾಡಿದರೆ ಆ ದುಡ್ಡು ನಿಮ್ಮದು. ಎರಡನ್ನೂ ಮಾಡದೆ ದುಡ್ಡು ಮಾತ್ರ ಉಳಿಸಲು ಹೊರಟವರೇ ಆಮೇಲೆ ಕೋರ್ಟಿನ ಸಮನ್ಸ್ ಹಿಡಿದುಕೊಂಡು ವಕೀಲರ ಕಚೇರಿಯ ಬೆಂಚಿನಲ್ಲಿ ಕೂರುವುದು.

ಮೊದಲು ನಂಬಿಕೆ. ಇಲ್ಲಿ ಕೊಳ್ಳುವವರ ಮೊದಲ ಪ್ರಶ್ನೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದಾಗಿರುವುದಿಲ್ಲ. ‘ಯಾರದ್ದು ಗಾಡಿ?’ ಎಂಬುದೇ ಮೊದಲು. ‘ಎಂಥ ಲೋಡ್ ಹಾಕ್ತಿದ್ರು?’ ಅದರ ಹಿಂದೆಯೇ ಬರುತ್ತದೆ. ಮೀಟರು ಸುಳ್ಳು ಹೇಳೀತು, ಲೋಡು ಹೇಳಲಿಕ್ಕಿಲ್ಲ. ಮೀನಿನ ಗಾಡಿಯ ಕಥೆ ಎಲ್ಲರಿಗೂ ಗೊತ್ತು. ಮಂಗಳೂರು ದಕ್ಕೆಯಿಂದ ಮೀನು ತುಂಬಿ ಹೊರಟರೆ ದಾರಿಯುದ್ದಕ್ಕೂ ಐಸು ಕರಗಿ ಉಪ್ಪುನೀರು ಪ್ಲಾಟ್‌ಫಾರ್ಮಿನ ಸಂದಿಗೆಲ್ಲ ಇಳಿಯುತ್ತದೆ. ಮೇಲಿನಿಂದ ತಗಡು ಹೊಳೆಯುತ್ತಿದ್ದರೂ ಅಡಿಯಲ್ಲಿ ಕೈಯಿಟ್ಟರೆ ಪದರ ಪದರ ಎದ್ದು ಬರುತ್ತದೆ. ರಬ್ಬರಿನವರ ಗಾಡಿಯಲ್ಲಿ ಹಾಲು ಹೆಪ್ಪುಗಟ್ಟಿಸುವ ಆಸಿಡ್ ಕ್ಯಾನು ಚೆಲ್ಲಿದ ಗುರುತು ಇರಬಹುದು. ಸ್ಕ್ರಾಪ್ ರಬ್ಬರಿನ ವಾಸನೆಯಂತೂ ಯಾವ ಶ್ಯಾಂಪೂವಿಗೂ ಬಗ್ಗುವುದಿಲ್ಲ. ಕೆಂಪುಕಲ್ಲು, ಹೊಯ್ಗೆ, ಜಲ್ಲಿ ಹೊತ್ತ ಏಸ್ ಆದರೆ ಹಿಂದಿನ ಪ್ಲೇಟ್ ಬಗ್ಗಿರುತ್ತದೆ, ಚಾಸಿಸಿನಲ್ಲಿ ಎಲ್ಲೋ ಒಂದು ಕಡೆ ವೆಲ್ಡಿಂಗ್ ಆಗಿರುತ್ತದೆ. ಅಡುಗೆಯವರ ಗಾಡಿಗೆ ಪಾತ್ರೆ ಬಡಿದು ಒಳಗೋಡೆಯೆಲ್ಲ ಡೆಂಟು, ಆದರೆ ವರ್ಷದಲ್ಲಿ ನಾಲ್ಕಾರು ತಿಂಗಳು ವಿಶ್ರಾಂತಿ ಸಿಕ್ಕ ಇಂಜಿನ್. ಹಾಲಿನ ರೂಟಿನ ಗಾಡಿ ದಿನಾ ಒಂದೇ ದಾರಿಯಲ್ಲಿ, ಒಬ್ಬನೇ ಡ್ರೈವರನ ಕೈಯಲ್ಲಿ ಓಡಿರುತ್ತದೆ. ಕಿಲೋಮೀಟರ್ ಜಾಸ್ತಿ, ಕಷ್ಟ ಕಡಿಮೆ. ಬೀಡಿ ಮತ್ತು ಬೇಕರಿಯ ಗಾಡಿಗಳೇ ಈ ಪೈಕಿ ಅದೃಷ್ಟವಂತರು. ಹಗುರ ಸರಕು, ಒಣ ಸರಕು. ಬೀಡಿ ಬ್ರಾಂಚಿನ ಓಮ್ನಿ ಎಂದರೆ ಕಣ್ಣುಮುಚ್ಚಿ ಹೋಗಿ ನೋಡುವವರು ಈಗಲೂ ಇದ್ದಾರೆ.

ಆದ್ದರಿಂದ ನಿಮ್ಮ ಗಾಡಿ ಏನು ಹೊತ್ತಿತ್ತು ಎಂಬುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ಈ ಊರುಗಳಲ್ಲಿ ಕೊಳ್ಳುವವನು ನಿಮ್ಮ ಮನೆಗೆ ಬರುವ ಮೊದಲೇ ನಿಮ್ಮ ಗ್ಯಾರೇಜಿಗೆ ಹೋಗಿರುತ್ತಾನೆ. ಕೊಳ್ಳುವವನೂ ಮಾರುವವನೂ ಒಂದೇ ಮೆಕ್ಯಾನಿಕ್‌ನ ಗಿರಾಕಿಗಳಾಗಿರುವುದು ಇಲ್ಲಿ ತೀರಾ ಸಾಮಾನ್ಯ. ಆ ಮೆಕ್ಯಾನಿಕ್ ಬಾಯಿಬಿಟ್ಟು ಕೆಟ್ಟದ್ದು ಹೇಳುವುದಿಲ್ಲ, ಅದು ಅವನ ಧರ್ಮವಲ್ಲ. ‘ಗಾಡಿ ಹೇಗುಂಟು ಅಣ್ಣಾ?’ ಎಂದರೆ, ಒಳ್ಳೆಯದಾದರೆ ‘ಕಣ್ಣುಮುಚ್ಚಿ ತಗೊಳ್ಳಿ’ ಎನ್ನುತ್ತಾನೆ. ಇಲ್ಲದಿದ್ದರೆ ‘ನೀವೇ ಒಮ್ಮೆ ಓಡಿಸಿ ನೋಡಿ’ ಎನ್ನುತ್ತಾನೆ. ಎರಡನೆಯ ಉತ್ತರ ಕೇಳಿದವರು ಚಹಾ ಕುಡಿದು ಹಾಗೆಯೇ ಹಿಂದಿರುಗುತ್ತಾರೆ.

ನೀರಿನ ಪ್ರಶ್ನೆ ಇಲ್ಲಿಗೇ ವಿಶೇಷ. ನೇತ್ರಾವತಿ ಬಂಟ್ವಾಳದಲ್ಲಿ 8.5 ಮೀಟರ್ ಮುಟ್ಟಿದರೆ ಅಪಾಯದ ಮಟ್ಟ. ಆಮೇಲೆ ಪೇಟೆಯ ತಗ್ಗು ಪ್ರದೇಶದವರು ಸಾಮಾನು ಮೇಲೆ ಸಾಗಿಸತೊಡಗುತ್ತಾರೆ. 1974ರ ನೆರೆಯನ್ನು ಹಿರಿಯರು ಈಗಲೂ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಹೊಳೆಬದಿಯ ಊರುಗಳಿಗೆ ನೀರು, ಮಣ್ಣು, ಮರ ಒಟ್ಟಿಗೇ ನುಗ್ಗಿದವು. ಚಾರ್ಮಾಡಿ ಘಾಟಿ ಕುಸಿದು ಸಂಚಾರವೇ ನಿಂತಿತು. ಅಂಥ ನೀರಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಆಯಿಲ್ ಬದಲಿಸಿ ಓಡಿಸಬಹುದು. ಆದರೆ ವೈರಿಂಗಿನ ಒಳಗೆ ಕೂತ ತೇವ ಎರಡು ಮೂರು ವರ್ಷದ ಮೇಲೆ ಒಂದೊಂದೇ ಲೈಟನ್ನು ನಂದಿಸುತ್ತಾ ಬರುತ್ತದೆ. ‘ನೀರಿಗೆ ಬಿದ್ದ ಗಾಡಿಯಾ?’ ಎಂದು ಅನುಭವಿಗಳು ನೇರವಾಗಿ ಕೇಳುವುದಿಲ್ಲ. ಸೀಟು ಎತ್ತಿ ನೋಡುತ್ತಾರೆ, ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆ ಉಂಟೋ ಎಂದು ನೋಡುತ್ತಾರೆ, ಸ್ಟೆಪ್ನಿ ಕೂರುವ ಜಾಗಕ್ಕೆ ಬೆರಳು ಹಾಕುತ್ತಾರೆ.

ಚೆನ್ನಾಗಿಟ್ಟ ಗಾಡಿ ಎಂಬುದಕ್ಕೆ ಸಾಕ್ಷಿ ಬೇಕು. ಸರ್ವಿಸ್ ಬಿಲ್ಲುಗಳನ್ನು ದೇವರಕೋಣೆಯ ಪಂಚಾಂಗದ ಹಾಗೆ ಒಂದೇ ಕಡೆ ಇಟ್ಟವರು ಇಲ್ಲಿ ಗೆಲ್ಲುತ್ತಾರೆ. ಕಂಪನಿ ಸರ್ವಿಸೇ ಆಗಬೇಕೆಂದಿಲ್ಲ. ಊರ ಗ್ಯಾರೇಜಿನವನ ಚೀಟಿಯಲ್ಲಿ ದಿನಾಂಕ, ಕಿಲೋಮೀಟರ್, ಬದಲಿಸಿದ ಸಾಮಾನು ಇದ್ದರೆ ಸಾಕು. ಚೀಟಿಯಿಂದ ಚೀಟಿಗೆ ಕಿಲೋಮೀಟರ್ ಏರುತ್ತಾ ಹೋಗಿದ್ದು ಕಂಡರೆ ಮೀಟರ್ ತಿರುಗಿಸಿಲ್ಲ ಎಂಬುದೂ ಅದರಲ್ಲೇ ಸಾಬೀತು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ; 2323 ಎಂದಿದ್ದರೆ 2023ರ ಇಪ್ಪತ್ತಮೂರನೇ ವಾರ ತಯಾರಾದದ್ದು. ‘ಹೊಸ ಟಯರ್’ ಎಂದು ಬಾಯಲ್ಲಿ ಹೇಳುವ ಬದಲು ಅದನ್ನು ತೋರಿಸಿ.

ಮಾರುವ ಮೊದಲು ಏನು ರಿಪೇರಿ ಮಾಡಬೇಕು? ಬಹಳ ಜನ ಇಲ್ಲಿ ದುಡ್ಡು ಸುರಿದು ಕೆಡುತ್ತಾರೆ. ಇಡೀ ಗಾಡಿಗೆ ಹೊಸ ಪೇಂಟ್ ಹೊಡೆಸುವುದು ಅತಿ ದೊಡ್ಡ ದಂಡ. ಹೊಸ ಪೇಂಟಿನ ಹಳೆ ಗಾಡಿ ಕಂಡರೆ ಈ ಕಡೆಯ ಜನಕ್ಕೆ ಮೊದಲು ಹುಟ್ಟುವುದು ಸಂಶಯ: ಅಡಿಯಲ್ಲಿ ಎಷ್ಟು ಪ್ಯಾಚ್ ಉಂಟೋ, ಎಲ್ಲಿ ಹೊಡೆದದ್ದೋ. ಹಳೆಯ ಬಣ್ಣ, ಹಳೆಯ ಗೀರು ಹಾಗೇ ಇರಲಿ, ಅವು ಸತ್ಯ ಹೇಳುತ್ತವೆ. ಲೈಟು, ಇಂಡಿಕೇಟರ್, ವೈಪರ್, ಹಾರ್ನ್, ಹ್ಯಾಂಡ್ ಬ್ರೇಕು ಸರಿಮಾಡಿಸಿ. ಸ್ಲೈಡಿಂಗ್ ಬಾಗಿಲಿನ ಹಳಿಗೆ ಗ್ರೀಸ್ ಹಾಕಿಸಿ. ಓಮ್ನಿ, ಈಕೋ ನೋಡಲು ಬಂದವರು ಮೊದಲು ಕೈಹಾಕುವುದು ಆ ಬಾಗಿಲಿಗೆ. ಅಡಿಯ ಕೆಂಪುಮಣ್ಣನ್ನು ತೊಳೆಸಿ. ಅಂಡರ್‌ಕೋಟಿಂಗ್ ಮಾತ್ರ ಮಾರುವ ವಾರ ಹೊಡೆಸಬೇಡಿ, ತುಕ್ಕನ್ನು ಟಾರಿನಲ್ಲಿ ಮುಚ್ಚಿದ್ದಾರೆ ಎಂದೇ ಅರ್ಥ. ಕ್ಲಚ್ ಜಾರುತ್ತಿದ್ದರೆ, ಗೇರು ಕರಕರ ಎನ್ನುತ್ತಿದ್ದರೆ ನೀವೇ ಮೊದಲು ಹೇಳಿ. ‘ಕ್ಲಚ್ ಪ್ಲೇಟ್ ಹಾಕ್ಲಿಕ್ಕುಂಟು, ಅದನ್ನು ಲೆಕ್ಕ ಹಿಡಿದೇ ರೇಟ್ ಹೇಳಿದ್ದು’ ಎಂದ ಮಾತಿನ ಮೇಲೆ ಚೌಕಾಸಿಗೆ ಜಾಗವೇ ಉಳಿಯುವುದಿಲ್ಲ. ಒಂದು ದೋಷ ತಾನಾಗಿ ಹೇಳಿದವನ ಉಳಿದ ಮಾತಿಗೂ ಬೆಲೆ ಬರುತ್ತದೆ.

ರೇಟು ಎಷ್ಟು ಹೇಳುವುದು ಎಂಬಲ್ಲಿ ಒಂದು ಎಚ್ಚರ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆಯ ಹೊಸ ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸ ಗಾಡಿಯ ಬೆಲೆ ಇಳಿದರೆ ಹಳೆಯದರ ಬೆಲೆಯೂ ಹಿಂದೆಯೇ ಇಳಿಯುತ್ತದೆ. ‘ಪಕ್ಕದ ಮನೆಯವರು ಎರಡು ವರ್ಷದ ಹಿಂದೆ ಇಷ್ಟಕ್ಕೆ ಕೊಟ್ಟರು’ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಶೋರೂಮಿಗೆ ಹೋಗಿ ನಿಮ್ಮದೇ ಮಾದರಿಯ ಹೊಸ ಗಾಡಿಯ ಆನ್‌ರೋಡ್ ಬೆಲೆ ಕೇಳಿ, ಎಕ್ಸ್‌ಚೇಂಜಿಗೆ ಕೊಟ್ಟರೆ ನಿಮ್ಮದಕ್ಕೆ ಎಷ್ಟು ಎಂದೂ ಕೇಳಿ. ಆ ಎಕ್ಸ್‌ಚೇಂಜ್ ಬೆಲೆಯೇ ನಿಮ್ಮ ತಳ, ಅದಕ್ಕಿಂತ ಕೆಳಗೆ ಇಳಿಯುವ ಅಗತ್ಯವಿಲ್ಲ. ಇನ್ನು ಹಳೆ ಗಾಡಿ ಮಾರಿದ್ದಕ್ಕೆ ಶೇ 18 ಜಿಎಸ್‌ಟಿ ಕಟ್ಟಬೇಕಂತೆ ಎಂಬ ಗಾಬರಿ 2025ರ ಆರಂಭದಲ್ಲಿ ಬಹಳ ಹಬ್ಬಿತ್ತು. ಆ ತೆರಿಗೆ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ, ಅದೂ ಲಾಭದ ಅಂತರದ ಮೇಲೆ ಮಾತ್ರ. ನೋಂದಣಿ ಇಲ್ಲದ ಸಾಮಾನ್ಯರಿಗೆ ಇಲ್ಲ. ನಿಮ್ಮ ಬೇಕರಿಗೋ ಕ್ಯಾಟರಿಂಗಿಗೋ ಜಿಎಸ್‌ಟಿ ನಂಬರ್ ಇದ್ದು, ಗಾಡಿಯನ್ನು ವ್ಯವಹಾರದ ಲೆಕ್ಕದಲ್ಲಿ ತೋರಿಸಿ ಸವಕಳಿ ತೆಗೆದಿದ್ದರೆ ಆಡಿಟರನ್ನು ಒಂದು ಮಾತು ಕೇಳಿ.

ಕೊಳ್ಳಲು ಬರುವವರು ಯಾರು? ಹೆಚ್ಚಾಗಿ ಮೊದಲ ಸಲ ಸ್ವಂತ ಕಸುಬು ಹಿಡಿದವರು. ಸ್ವಂತ ಉದ್ಯೋಗದ ತರಬೇತಿಗೆಂದು 1982ರಲ್ಲಿ ರುಡ್‌ಸೆಟ್ ಹುಟ್ಟಿದ್ದೇ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ. ಸಂಘದಿಂದಲೋ ಸೊಸೈಟಿಯಿಂದಲೋ ಸಾಲ ಎತ್ತಿ ಒಂದು ಗಾಡಿ ಮಾಡಿಕೊಂಡು ಬದುಕು ಶುರುಮಾಡುವ ದಾರಿ ಇಲ್ಲಿ ಹಳತು. ಅಂಥವರಿಗೆ ಹೊಸ ಗಾಡಿಯ ಕಂತು ಭಾರ. ಸಾಲದಲ್ಲಿ ಕೊಳ್ಳುವವರಾದರೆ ಸೊಸೈಟಿಯವರು ಗಾಡಿ ನೋಡಲು, ಕಾಗದ ನೋಡಲು ಬರುತ್ತಾರೆ, ಎರಡು ವಾರ ತಡವಾಗಬಹುದು. ಕೈಯಲ್ಲಿ ನೋಟು ಹಿಡಿದು ‘ಈಗಲೇ ಕೊಡಿ, ಐದು ಸಾವಿರ ಕಡಿಮೆ ಮಾಡಿ’ ಎನ್ನುವವನಿಗಿಂತ ಈ ತಡವೇ ನಿಮಗೆ ಒಳ್ಳೆಯದು. ಸಾಲ ಕೊಟ್ಟವರು ಆರ್‌ಸಿಯಲ್ಲಿ ತಮ್ಮ ಹೆಸರು ಏರಿಸಲೇಬೇಕು. ಹಾಗಾಗಿ ಗಾಡಿ ಹೊಸಬರ ಹೆಸರಿಗೆ ಆಗಿಯೇ ಆಗುತ್ತದೆ.

ಖಾಸಗಿ ಮಾರಾಟದಲ್ಲಿ ಜನ ಹೆಚ್ಚಾಗಿ ಎಡವುವುದೂ ಈ ಹೆಸರು ವರ್ಗಾವಣೆಯಲ್ಲೇ. ಮೋಟಾರು ವಾಹನ ಕಾಯ್ದೆ 1988ರ 50ನೇ ಕಲಂ ಪ್ರಕಾರ, ರಾಜ್ಯದ ಒಳಗೆ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮಾರುವವರದ್ದು ಫಾರಂ 29, ಇಬ್ಬರ ಸಹಿಯೂ ಬೀಳುವುದು ಫಾರಂ 30. ಕಾಯ್ದೆ ಇಷ್ಟು ಸರಳ. ನಮ್ಮಲ್ಲಿ ನಡೆಯುವುದು ಬೇರೆ. ಎರಡೂ ಫಾರಂಗೆ ಖಾಲಿಯಾಗಿಯೇ ಸಹಿ ಹಾಕಿ, ಆರ್‌ಸಿಯ ಜೊತೆ ಕೊಟ್ಟು, ‘ನೀವೇ ಮಾಡಿಸಿಕೊಳ್ಳಿ’ ಎನ್ನುತ್ತೇವೆ. ಕೊಂಡವನು ಮಾಡಿಸುವುದಿಲ್ಲ. ಆರು ತಿಂಗಳ ಮೇಲೆ ಆತನೂ ಅದೇ ಖಾಲಿ ಫಾರಮ್ಮಿನ ಜೊತೆ ಇನ್ನೊಬ್ಬನಿಗೆ ಕೊಡುತ್ತಾನೆ. ಗಾಡಿ ಬಂಟ್ವಾಳದಿಂದ ಸುಳ್ಯಕ್ಕೆ, ಅಲ್ಲಿಂದ ಮಡಿಕೇರಿಗೆ ಹೋಗಿರುತ್ತದೆ. ಸರಕಾರದ ದಾಖಲೆಯಲ್ಲಿ ಇನ್ನೂ ನಿಮ್ಮ ಮನೆಯ ಅಂಗಳದಲ್ಲೇ ಇರುತ್ತದೆ.

ಇದರ ಪರಿಣಾಮವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಬಿಡಿಸಿ ಹೇಳಿತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಆ ಪ್ರಕರಣದಲ್ಲಿ 2007ರಲ್ಲೇ ಮಾರಿದ ಕಾರು ಕೈಯಿಂದ ಕೈಗೆ ದಾಟುತ್ತಾ ಹೋಗಿತ್ತು. 2009ರಲ್ಲಿ ಅಪಘಾತವಾಯಿತು. ಅಷ್ಟು ಕೈ ದಾಟಿದರೂ ಆರ್‌ಸಿಯಲ್ಲಿ ಮೊದಲನೆಯವರ ಹೆಸರೇ ಇತ್ತು. ಗಾಡಿಗೆ ವಿಮೆಯೂ ಇರಲಿಲ್ಲ. ಹೈಕೋರ್ಟ್ ಕೊನೆಗೆ ಗಾಡಿ ಇಟ್ಟುಕೊಂಡವರ ಮೇಲೆ ಹೊಣೆ ಹೊರಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಪರಿಹಾರ ಕೊಡಬೇಕಾದ ಮಾಲೀಕ ಎಂದರೆ ದಾಖಲೆಯಲ್ಲಿ ಹೆಸರಿರುವವರೇ ಎಂದಿತು. ಗಾಯಾಳುಗಳು, ಸತ್ತವರ ಮನೆಯವರು ಗಾಡಿ ಯಾರಿಂದ ಯಾರಿಗೆ ಹೋಯಿತು ಎಂದು ಹುಡುಕುತ್ತಾ ಅಲೆಯಬೇಕಾಗಿಲ್ಲ ಎಂಬುದು ಅದರ ಕಾರಣ. ನ್ಯಾಯವಾದ ಮಾತೇ. ಆದರೆ ಆ ನ್ಯಾಯದ ಭಾರ ಬೀಳುವುದು ಬರೀ ಸ್ಟಾಂಪ್ ಪೇಪರಿನ ಕರಾರುಪತ್ರ ನಂಬಿ ಸುಮ್ಮನೆ ಕೂತವರ ತಲೆಗೆ. ಕರಾರುಪತ್ರ ಬೇಡ ಎಂದಲ್ಲ. ಅದರಲ್ಲಿ ಗಾಡಿ ಕೊಟ್ಟ ದಿನ ಮಾತ್ರವಲ್ಲ, ಗಂಟೆ ನಿಮಿಷವನ್ನೂ ಬರೆಯಿಸಿ. ಕೊಂಡವರ ಆಧಾರ್ ಮತ್ತು ಲೈಸೆನ್ಸಿನ ಪ್ರತಿ ಇಟ್ಟುಕೊಳ್ಳಿ. ಸಂಜೆ ಕೊಟ್ಟ ಗಾಡಿ ರಾತ್ರಿಯೇ ಮಾಣಿಯ ತಿರುವಿನಲ್ಲಿ ಯಾರಿಗೋ ಬಡಿದರೆ ಆ ಗಂಟೆ ನಿಮಿಷಕ್ಕೆ ಬೆಲೆ ಬರುತ್ತದೆ. ಆರ್‌ಸಿಗೆ ಮಾತ್ರ ಅದು ಬದಲಿಯಲ್ಲ.

ಬೇರೆ ಕಾಗದಗಳಿಗೆ ಇಷ್ಟು ಉದ್ದದ ಮಾತು ಬೇಡ. ಬ್ಯಾಂಕ್ ಸಾಲ ತೀರಿದೆ ಎಂದ ಮಾತ್ರಕ್ಕೆ ಆರ್‌ಸಿಯಲ್ಲಿನ ಹೈಪೋಥಿಕೇಶನ್ ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಹೊಸದಾಗಿ ಎಫ್‌ಸಿ ಮಾಡಿಸಿ ಮಾರಿದರೆ ಹಾಕಿದ ಖರ್ಚಿಗಿಂತ ಹೆಚ್ಚೇ ಕೈಸೇರುತ್ತದೆ. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿ, ಟ್ರಾಫಿಕ್ ದಂಡ ಬಾಕಿ ಉಂಟೋ ನೋಡಿ ಕಟ್ಟಿ. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಾಗಿಲ್ಲ ಎಂಬುದೂ, ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟಪಡಿಸಿದ್ದೂ ಕೊಳ್ಳುವವರ ಅರ್ಧ ಹೆದರಿಕೆ ಕಳೆಯುತ್ತದೆ. ಬಿಳಿ ಬೋರ್ಡಿನ ಓಮ್ನಿಯ ಹಿಂದಿನ ಸೀಟು ಬಿಚ್ಚಿಟ್ಟು ಸರಕು ಹಾಕುತ್ತಿದ್ದವರು ಮಾತ್ರ ಅದನ್ನು ‘ಗೂಡ್ಸ್ ಗಾಡಿ’ ಎಂದು ಹೇಳಿ ಮಾರಬಾರದು. ಅದು ಕಾಗದದಲ್ಲಿ ಮನೆಬಳಕೆಯ ವಾಹನ. ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯವರು ಮೊದಲು ಎತ್ತುವ ತಕರಾರು ಅದೇ.

ಇನ್ನೊಂದು ಕಷ್ಟದ ಸನ್ನಿವೇಶ ನಮ್ಮ ಕಡೆ ಪದೇ ಪದೇ ಕಾಣುತ್ತದೆ. ಗಾಡಿ ತಂದೆಯ ಹೆಸರಲ್ಲಿ, ತಂದೆ ತೀರಿಹೋಗಿ ವರ್ಷಗಳಾಗಿವೆ, ಮಗ ಓಡಿಸುತ್ತಾ ಬಂದಿದ್ದಾನೆ. ಅದನ್ನು ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ಅಕ್ಕತಂಗಿಯರ, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಲು ಅವಕಾಶ ಉಂಟು. ಅಡಿಕೆ ತೋಟದ ಪಾಲಿಗೆ ವೀಲುನಾಮೆ ಬರೆಸುವ ನಮ್ಮ ಹಿರಿಯರು ಗಾಡಿಯ ನಾಮಿನಿಯನ್ನು ನೆನಪಿಸಿಕೊಳ್ಳುವುದು ಕಡಿಮೆ.

ಗಡಿ ಹತ್ತಿರ ಇರುವುದರಿಂದ ಕಾಸರಗೋಡು ಕಡೆಯವರೂ ಗಾಡಿ ಕೇಳಿ ಬರುತ್ತಾರೆ. ಮಾತು ನಮ್ಮದೇ, ಸಂಬಂಧವೂ ಇರಬಹುದು, ರಾಜ್ಯ ಮಾತ್ರ ಬೇರೆ. ಹೊರರಾಜ್ಯಕ್ಕೆ ಮಾರುವಾಗ ಫಾರಂ 28ರಲ್ಲಿ ಎನ್‌ಒಸಿ ತೆಗೆಯಬೇಕು, ಅಲ್ಲಿ ಹೊಸ ನಂಬರ್, ಹೊಸ ತೆರಿಗೆ. ಈ ಓಡಾಟಕ್ಕೆ ಸಿದ್ಧರಿಲ್ಲದವರು ಕೇರಳದ ಗಿರಾಕಿ ಹತ್ತು ಸಾವಿರ ಹೆಚ್ಚು ಕೊಡುತ್ತೇನೆಂದರೂ ಒಪ್ಪದಿರುವುದು ಮೇಲು.

ವಿಮೆಯಲ್ಲಿ ಎರಡು ವಿಷಯ ಬೆರೆತುಹೋಗಿವೆ. ಕಾಯ್ದೆಯ 157ನೇ ಕಲಂ ಪ್ರಕಾರ ಗಾಡಿ ಕೈದಾಟಿದಾಗ ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕನಿಗೆ ತಾನಾಗಿ ದಾಟಿದಂತೆ. ಗಾಡಿಗೇ ಆದ ಹಾನಿಯ ವಿಮೆ ಹಾಗೆ ದಾಟುವುದಿಲ್ಲ. ಆದ್ದರಿಂದ ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇನ್ನು ಕ್ಲೇಮು ಮಾಡದೆ ಓಡಿಸಿದ್ದಕ್ಕೆ ಸಿಕ್ಕ ನೋ ಕ್ಲೇಮ್ ಬೋನಸ್ ಮಾರುವವರದ್ದು, ಗಾಡಿಯದ್ದಲ್ಲ. ಅದರ ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಅದೇ ವರ್ಗದ ಇನ್ನೊಂದು ಗಾಡಿ ಕೊಂಡಾಗ ಗಾಡಿಯ ಹಾನಿಯ ವಿಮೆಯ ಪ್ರೀಮಿಯಮ್ಮಿನಲ್ಲಿ ಅರ್ಧದ ತನಕ ಉಳಿಸಬಹುದು. ಚೆನ್ನಾಗಿ ಓಡಿಸಿದ್ದಕ್ಕೆ ಸರಕಾರಿ ಮೊಹರಿನ ಸರ್ಟಿಫಿಕೇಟ್ ಯಾರೂ ಕೊಡುವುದಿಲ್ಲ, ಕಂಪನಿ ಕೊಡುವ ಇದೊಂದನ್ನಾದರೂ ಬಿಡಬೇಡಿ.

ಫಾಸ್ಟ್ಯಾಗ್ ಮರೆಯುವವರು ಬಹಳ. ಗಾಡಿ ಕೊಟ್ಟು ನೆಮ್ಮದಿಯಿಂದ ಮಲಗಿದ ರಾತ್ರಿ ಮೊಬೈಲಿಗೆ ಬ್ರಹ್ಮರಕೂಟ್ಲು ಟೋಲಿನ ಮೆಸೇಜ್ ಬಂದಾಗಲೇ ನೆನಪಾಗುವುದು. ಕೊಡುವ ದಿನವೇ ಟ್ಯಾಗ್ ಕಿತ್ತು ಬ್ಯಾಂಕಿನಲ್ಲಿ ಮುಚ್ಚಿಸಿ. ಇಲ್ಲದಿದ್ದರೆ ಹೊಸಬರಿಗೆ ತಮ್ಮ ಹೆಸರಿನಲ್ಲಿ ಬೇರೆ ಟ್ಯಾಗ್ ತೆಗೆಯಲೂ ತೊಂದರೆ.

ದುಡ್ಡಿನ ವಿಷಯ ಮುಲಾಜಿಲ್ಲದೆ ಇರಲಿ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಪಡೆದವರಿಗೇ ಅಷ್ಟೇ ಮೊತ್ತದ ದಂಡ. ಬ್ಯಾಂಕ್ ಮೂಲಕ ತೆಗೆದುಕೊಳ್ಳಿ. ಫೋನಿನಲ್ಲೇ ವ್ಯಾಪಾರ ಕುದುರಿಸಿ, ಗಾಡಿ ನೋಡದೆಯೇ ಅಡ್ವಾನ್ಸ್ ಕಳಿಸುತ್ತೇನೆಂದು ಕ್ಯೂಆರ್ ಕೋಡ್ ಕಳಿಸುವವನು ಕಳ್ಳ. ದುಡ್ಡು ಬರಲು ಯಾರೂ ಪಿನ್ ಒತ್ತಬೇಕಾಗಿಲ್ಲ. ಓಡಿಸಿ ನೋಡುತ್ತೇನೆ ಎಂದವರ ಲೈಸೆನ್ಸ್ ನೋಡಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಒಂದು ಏರು, ಒಂದು ಇಳಿತ, ಸ್ವಲ್ಪ ಹೊಂಡದ ದಾರಿ ಸಾಕು. ಇವು ಮೂರೂ ಸಿಗದ ರಸ್ತೆ ಈ ತಾಲೂಕುಗಳಲ್ಲಿ ಎಲ್ಲುಂಟು?

ನನ್ನ ಕೇಳಿದರೆ, ಮಾರುವವರು ಒಂದು ಸಣ್ಣ ಶರ್ತ ಹಾಕಿಕೊಳ್ಳಬೇಕು. ಮಾತಾದ ಬೆಲೆಯ ಮೇಲೆ ಕೊಳ್ಳುವವರಿಂದ ಒಂದಿಷ್ಟು ದುಡ್ಡು ಠೇವಣಿಯಾಗಿ ಇರಿಸಿಕೊಂಡು, ಹೊಸ ಹೆಸರಿನ ಆರ್‌ಸಿ ತೋರಿಸಿದ ದಿನ ಹಿಂದಕ್ಕೆ ಕೊಡುವುದು. ‘ನನ್ನ ಮೇಲೆ ವಿಶ್ವಾಸ ಇಲ್ವಾ ಭಟ್ರೇ?’ ಎಂದು ಒಬ್ಬರು ಮುನಿಯಬಹುದು. ವಿಶ್ವಾಸ ಇದ್ದೇ ಉಂಟು, ಮರೆವಿನ ಮೇಲೆ ಇಲ್ಲ ಎನ್ನಿ. ನಿಜವಾದ ಗಿರಾಕಿ ನಕ್ಕು ಒಪ್ಪುತ್ತಾರೆ. ಒಪ್ಪದವರ ಹತ್ತಿರ ಇಬ್ಬರೂ ಒಟ್ಟಿಗೇ ಆರ್‌ಟಿಒಗೆ ಹೋಗಿ ಬರೋಣ ಎಂದು ಹೇಳಿ ನೋಡಿ. ಅದಕ್ಕೂ ಬಿಡುವಿಲ್ಲ ಎಂದರೆ ಗಾಡಿ ಇನ್ನೊಂದು ವಾರ ನಿಮ್ಮ ಶೆಡ್ಡಿನಲ್ಲೇ ನಿಲ್ಲಲಿ.

ಇದನ್ನು ಓದುತ್ತಿರುವವರ ಪೈಕಿ ಹಿಂದೆ ಎಂದೋ ಒಂದು ಓಮ್ನಿಯನ್ನೋ ಏಸನ್ನೋ ಖಾಲಿ ಫಾರಮ್ಮಿಗೆ ಸಹಿ ಹಾಕಿ ಕೊಟ್ಟು ಮರೆತವರು ಖಂಡಿತ ಇದ್ದೀರಿ. ಪರಿವಾಹನ್ ಜಾಲತಾಣದಲ್ಲೋ ಎಂ-ಪರಿವಾಹನ್ ಆ್ಯಪಿನಲ್ಲೋ ಆ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರು ಪೂರ್ತಿ ಕಾಣದಿದ್ದರೂ ಕಂಡ ಅಕ್ಷರಗಳಲ್ಲಿ ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ. ನಿಮ್ಮದೇ ಆಗಿದ್ದರೆ ಕರಾರುಪತ್ರದ ಪ್ರತಿ, ದುಡ್ಡು ಬಂದ ದಾಖಲೆ ಹುಡುಕಿ ತೆಗೆದು, ಕೊಂಡವರಿಗೆ ಫೋನ್ ಮಾಡಿ. ಸಿಗದಿದ್ದರೆ ಮಾರಿದ ವಿಷಯವನ್ನು ಆರ್‌ಟಿಒಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆಗೆ ಎಂದು ಬಿಡಬೇಡಿ, ಕಚೇರಿ ತೆರೆದ ದಿನವೇ ಹೋಗಿ ಬನ್ನಿ.